ಅರ್ಧ ಮಿಲಿಮೀಟರ್ ಗೆರೆಯ ಮೇಲೆ ಎರಡು ದಿನ

ಮೆಲ್ಬರ್ನ್‌ನ ನಮ್ಮ ಮನೆಗೆ ಬಂದಿದ್ದ ಸೋದರಮಾವ ಹಟ್ಟಿ ಚಿನ್ನದ ಗಣಿಯ ಸರ್ವೇ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಊಟದ ಮೇಜಿನ ಮೇಲೆ ನಾನು ಹರಡಿದ್ದ ಭೂವೈಜ್ಞಾನಿಕ ನಕ್ಷೆಯನ್ನೂ ಮೂಲೆಯಲ್ಲಿ ಒರಗಿಸಿದ್ದ ಮೆಟಲ್ ಡಿಟೆಕ್ಟರನ್ನೂ ನೋಡಿ, "ಈ ಕೋಲು ಆಡಿಸಿದರೆ ಚಿನ್ನ ಸಿಗುತ್ತದೇನೋ?" ಎಂದರು.

ಹಟ್ಟಿಯವರು ನಗುವುದು ನ್ಯಾಯವೇ. ಅಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೈಗೆ ಬರುವುದು ಕೆಲವೇ ಗ್ರಾಂ, ಅದೂ ಬಹುಪಾಲು ಕಣ್ಣಿಗೆ ಕಾಣದ ಕಣ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ನೆಲದ ಸ್ವಭಾವ ಬೇರೆ. 1869ರ ಫೆಬ್ರವರಿಯಲ್ಲಿ ಮೋಲಿಯಾಗಲ್ ಎಂಬಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್ ಇಬ್ಬರಿಗೆ ಮರದ ಬೇರಿನ ಬಳಿ, ಒಂದಂಗುಲ ಮಣ್ಣಿನಡಿ ಸುಮಾರು 72 ಕಿಲೋ ತೂಕದ ಗಟ್ಟಿ ಸಿಕ್ಕಿತು. 'ವೆಲ್ಕಮ್ ಸ್ಟ್ರೇಂಜರ್' ಎಂದು ಹೆಸರಾದ ಅದು ಪಕ್ಕದ ಡನಾಲಿಯ ಬ್ಯಾಂಕಿನ ತಕ್ಕಡಿಯಲ್ಲಿ ಹಿಡಿಸದೆ, ಕಮ್ಮಾರನ ಅಡೆಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತು. 1980ರಲ್ಲಿ ಕಿಂಗೋವರ್‌ನಲ್ಲಿ 27 ಕಿಲೋ ಗಟ್ಟಿ ಸಿಕ್ಕಿದ್ದಂತೂ ಡಿಟೆಕ್ಟರ್‌ಗೇ. 'ಮೈನರ್ಸ್ ರೈಟ್' ಎಂಬ ಪರವಾನಗಿ ಇದ್ದರೆ, ನಿರ್ಬಂಧವಿಲ್ಲದ ಸರ್ಕಾರಿ ಕಾಡಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಹತ್ತು ವರ್ಷ ಬಾಳುವ ಆ ಚೀಟಿಯನ್ನು ಮಾವನಿಗೂ ಒಂದು ಮಾಡಿಸಿದೆ. "ಸಿಕ್ಕಿದ್ದು ನಮ್ಮದೇ? ಗೇಟಿನಲ್ಲಿ ತಪಾಸಣೆ ಇಲ್ಲವೇ?" ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಬಲರಾಟ್ ದಾಟಿ ಮೇರಿಬರೊ ಕಡೆ ತಿರುಗಿದ ಮೇಲೆ ಕಿಟಕಿಯಾಚೆ ಕಪ್ಪು ಮಣ್ಣಿನ ಹೊಲ, ನಡುನಡುವೆ ಬೋಳುಗುಡ್ಡಗಳು. ಅವೆಲ್ಲ ಆರಿದ ಜ್ವಾಲಾಮುಖಿಗಳು. ಅವುಗಳ ಲಾವಾ ಆರಿ ಆದ ಕಲ್ಲು ಬಸಾಲ್ಟ್. ಅದು ಹಿಂದೆ ದ್ರವವಾಗಿ ಹರಿದು ಹಳೆಯ ನದಿಪಾತ್ರಗಳನ್ನೇ ಮುಚ್ಚಿಬಿಟ್ಟಿತು, ಪಾತ್ರದ ಜಲ್ಲಿಯಲ್ಲಿದ್ದ ಚಿನ್ನವೂ ಕೆಳಗೇ ಉಳಿಯಿತು. ಅದನ್ನು ತೆಗೆಯಲು ಆಳಕ್ಕಿಳಿದವರಲ್ಲಿ 22 ಮಂದಿ 1882ರಲ್ಲಿ ಕ್ರೆಸ್ವಿಕ್ ಬಳಿ ಗಣಿಗೆ ನುಗ್ಗಿದ ನೀರಿನಲ್ಲಿ ಸತ್ತರು. ಮಾವ ತುಸುಹೊತ್ತು ಮಾತಾಡಲಿಲ್ಲ. ನೆಲದಡಿ ಕೆಲಸ ಮಾಡಿದವರು ಇಂಥ ಸುದ್ದಿಯನ್ನು ಕೇಳುವ ರೀತಿಯೇ ಬೇರೆ.

ಡಿಟೆಕ್ಟರ್ ಹಿಡಿದವನಿಗೆ ನಕ್ಷೆ ಮೊದಲು ಹೇಳುವುದು ಎಲ್ಲಿಗೆ ಹೋಗಬಾರದು ಎಂಬುದನ್ನು. ಬಸಾಲ್ಟ್ ಬೇಡ. 'ಕ್ಯೂ' ಅಕ್ಷರದಿಂದ ಶುರುವಾಗುವ ಸಂಕೇತಗಳು ಬಹುಪಾಲು ಕ್ವಾಟರ್ನರಿ, ಅಂದರೆ ಭೂಮಿಯ ಇತಿಹಾಸದ ತೀರಾ ಈಚಿನ ಕಾಲದ ಮೆಕ್ಕಲು ಮಣ್ಣು. ಅದು ದಪ್ಪವಾಗಿದ್ದರೆ ಚಿನ್ನ ಇದ್ದರೂ ಯಂತ್ರಕ್ಕೆ ಎಟುಕದು, ಸಣ್ಣ ಚೂರು ಗೇಣುದ್ದದ ಆಳ ದಾಟಿದರೆ ಸದ್ದೇ ಬರುವುದಿಲ್ಲ. ಬೇಕಾದದ್ದು 'ಓ', ಅಂದರೆ ಆರ್ಡೋವಿಸಿಯನ್: ಸಮುದ್ರದ ತಳದಲ್ಲಿ ಕುಳಿತ ಮರಳು ಮತ್ತು ಕೆಸರು ಕಲ್ಲಾಗಿ, ಆಮೇಲೆ ಸೀರೆಯ ನೆರಿಗೆಯಂತೆ ಮಡಚಿಕೊಂಡ ಪದರಗಳು. ಸುಮಾರು 44 ಕೋಟಿ ವರ್ಷಗಳ ಹಿಂದೆ ಬಿರುಕುಗಳಲ್ಲಿ ಬಿಸಿನೀರು ಏರಿ ಬೆಣಚುಕಲ್ಲನ್ನೂ ಚಿನ್ನವನ್ನೂ ಇಳಿಸಿ ಹೋದದ್ದು ಈ ಪದರಗಳಲ್ಲಿ. ನನ್ನ ಆಸೆ ಇದ್ದದ್ದು ಮೋಲಿಯಾಗಲ್ ಗುಡ್ಡದ ಗ್ರಾನೈಟ್ ಈ ಪದರಗಳಿಗೆ ತಾಗುವ ಗಡಿಯ ಮೇಲೆ. ವೆಲ್ಕಮ್ ಸ್ಟ್ರೇಂಜರ್ ಸಿಕ್ಕಿದ ಸ್ಮಾರಕವೂ ಗುಡ್ಡದಿಂದ ದೂರವೇನಿಲ್ಲ. ಗಡಿಯ ಈಚೆ, ಪದರಗಳ ಕಡೆ, ಐವತ್ತು ಹೆಜ್ಜೆ ಒಳಗೆ ಒಂದು ಜಾಗಕ್ಕೆ ಕೆಂಪು ಗುರುತು ಹಾಕಿಕೊಂಡಿದ್ದೆ.

ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಸಿಕ್ಕಿದ್ದು ಹದಿನಾಲ್ಕು ಮೊಳೆ, ಬಂದೂಕಿನ ಸೀಸದ ಗುಂಡುಗಳು, ಒಂದು ಪ್ಯಾಂಟಿನ ಗುಂಡಿ. ಐರನ್‌ಬಾರ್ಕ್ ಮರಗಳ ನೆರಳು ಹೆಸರಿಗಷ್ಟೇ, ನೊಣಗಳು ಮಾತ್ರ ಧಾರಾಳ.

ರಾತ್ರಿ ಡನಾಲಿಯ ಕೋಣೆಯಲ್ಲಿ ಮಾವ ಕನ್ನಡಕ ಏರಿಸಿ ನಕ್ಷೆಯ ಅಂಚು ಓದಿದರು. "ಇದು ಎಷ್ಟರ ಪ್ರಮಾಣದ್ದು?"

"1:2,50,000."

"ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದೆ. ಲೆಕ್ಕ ಹಾಕು."

ಹಾಕಿದೆ. ನೆಲದ ಮೇಲೆ 125 ಮೀಟರ್. ಗೆರೆಯ ದಪ್ಪದೊಳಗೇ ಮೂರು ಸಲ ಕಳೆದುಹೋಗುವಷ್ಟು ಜಾಗಕ್ಕೆ ನಾನು ಐವತ್ತು ಹೆಜ್ಜೆಯ ನಿಖರತೆ ಕಟ್ಟಿದ್ದೆ. ಮಣ್ಣು ಮುಚ್ಚಿದ ಕಡೆ ಆ ಗೆರೆಯೂ ಯಾರೋ ಭೂವಿಜ್ಞಾನಿಯ ಒಳ್ಳೆಯ ಊಹೆಯಷ್ಟೇ. ಜಿಯೋವಿಕ್ ಎಂಬ ಸರ್ಕಾರಿ ತಾಣದಲ್ಲಿ ಇನ್ನೂ ಸೂಕ್ಷ್ಮ ನಕ್ಷೆಗಳಿವೆ, ಹಳೆಯ ಗಣಿಗಳ ಗುರುತುಗಳನ್ನೂ ಅದರ ಮೇಲೆ ಕೂರಿಸಿಕೊಳ್ಳಬಹುದು. ಮನೆಯಲ್ಲಿ ಗೋಡೆಗೆ ಅಂಟಿಸಲು ಚೆನ್ನಾಗಿದೆ ಎಂದು ನಾನು ದೊಡ್ಡ ಹಾಳೆಯನ್ನೇ ಅಚ್ಚು ಹಾಕಿಸಿದ್ದೆ! ಮಾವ ಬಯ್ಯಲಿಲ್ಲ, ಮಸ್ಕಿಯ ಕಥೆ ಹೇಳಿದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಆ ಕಡೆ ತಿರುಗಾಡುವಾಗ ಬಂಡೆಯ ಮೇಲೆ ಕಂಡದ್ದು ಅಶೋಕನ ಶಾಸನ. "ನಿನಗೆ ಪ್ಯಾಂಟಿನ ಗುಂಡಿ ಸಿಕ್ಕಿದೆ" ಎಂದು ದೀಪ ಆರಿಸಿದರು.

ಮರುದಿನ ಅವರು ಡಿಟೆಕ್ಟರ್ ಮುಟ್ಟಲೇ ಇಲ್ಲ. ಮೊಲದ ಬಿಲ ಕಂಡಲ್ಲೆಲ್ಲ ಕುಳಿತು, ಹೊರಬಿದ್ದ ಮಣ್ಣನ್ನು ಅಂಗೈಯಲ್ಲಿ ಉಜ್ಜಿದರು. ನಾವು ಹಿಂದಿನ ದಿನ ಬೆವರು ಸುರಿಸಿದ ಜಾಗದ ಮಣ್ಣು ದಪ್ಪ ರವೆಯಂತೆ ತರಿತರಿ, ನಡುವೆ ಅಭ್ರಕದ ಮಿಣುಕು. "ಗ್ರಾನೈಟ್ ಕೊಳೆತ ಮಣ್ಣು. ನಿನ್ನೆಯಿಡೀ ಗೆರೆಯ ಆಚೆಯೇ ಇದ್ದೆವು." ಇಳಿಜಾರಿನಲ್ಲಿ ಇನ್ನೂರು ಹೆಜ್ಜೆ ಕೆಳಗೆ, ಉರುಳಿಬಿದ್ದ ಮರವೊಂದರ ಬೇರಿನ ಮಣ್ಣಿನಲ್ಲಿ ರವೆ ಹೋಗಿ ತೆಳು ಪದರಕಲ್ಲಿನ ಚೂರುಗಳು ಬಂದವು. ಅಲ್ಲಿಂದ ಮುಂದೆ ತುಕ್ಕುಬಣ್ಣದ ಬೆಣಚುಕಲ್ಲುಗಳು. ಒಂದನ್ನು ಎತ್ತಿ ನಾಲಗೆಯಿಂದ ಒದ್ದೆ ಮಾಡಿ ಬಿಸಿಲಿಗೆ ಹಿಡಿದು, "ಇಲ್ಲಿ ಆಡಿಸು" ಎಂದರು.

ಮೂರನೆಯ ಗುಂಡಿಯಲ್ಲಿ ಸದ್ದು ಮೊಳೆಯದ್ದಾಗಿರಲಿಲ್ಲ. ಸಣ್ಣದಾಗಿ, ದುಂಡಗೆ ಏರಿ ಇಳಿಯಿತು. ಗೇಣು ಅಗೆದು ಮಣ್ಣನ್ನು ಹಿಡಿಹಿಡಿಯಾಗಿ ಡಿಟೆಕ್ಟರ್‌ನ ಸುರುಳಿಯ ಮೇಲೆ ಆಡಿಸುತ್ತಾ ಬಂದಾಗ ಕೊನೆಯ ಹಿಡಿಯಲ್ಲಿ ಉಳಿದದ್ದು ಹೆಸರುಕಾಳಿಗಿಂತ ಚಿಕ್ಕ ಚೂರು, ಒಂದು ಬದಿಗೆ ಬಿಳಿ ಬೆಣಚಿನ ಹುಡಿ ಕಚ್ಚಿಕೊಂಡಿತ್ತು. ಆಮೇಲೆ ತೂಗಿದಾಗ 0.3 ಗ್ರಾಂ. ಮಾವ ಅದನ್ನು ಉಗುರಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಮೂವತ್ತೊಂದು ವರ್ಷ. ಹೀಗೆ ಬಿಡಿಯಾಗಿ ಒಂದನ್ನೂ ನೋಡಿರಲಿಲ್ಲ."

ಗುಂಡಿ ಮುಚ್ಚಿ ಎಲೆ ಹರಡಿ ಕಾರಿಗೆ ಮರಳಿದೆವು. ನಾನು ಬೂಟಿನ ಮಣ್ಣು ಕೊಡವುತ್ತಿದ್ದಾಗ ಅವರು ಬಾನೆಟ್ ಮೇಲೆ ನಕ್ಷೆ ಬಿಡಿಸಿ, ಜೇಬಿನಿಂದ ಪೆನ್ಸಿಲ್ ತೆಗೆದು, ಅಚ್ಚಾದ ಗಡಿಯ ಪಕ್ಕದಲ್ಲಿ ಕೂದಲೆಳೆಯಂಥ ಇನ್ನೊಂದು ಗೆರೆ ಎಳೆದರು. ಅದರ ತುದಿಗೆ ತಾರೀಖು ಬರೆದು, ಕೆಳಗೆ ಚಿಕ್ಕದಾಗಿ ಸಹಿ ಹಾಕಿದರು.