ಮಗನಿಗಾ ಮೇಡಂ?

10 ಆಗಸ್ಟ್ 2024, ಶನಿವಾರ, ರಾತ್ರಿ 11.20

ಇವತ್ತು ನಾನೊಂದು ಗಂಡುಮಗು ಹೆತ್ತೆ. 14 ವರ್ಷದ್ದು. ಬ್ರಿಗೇಡ್ ರೋಡ್ ಹತ್ರ ಒಂದು ಗಿಟಾರ್ ಅಂಗಡಿ ಕೌಂಟರ್ ಮುಂದೆ, ಮಧ್ಯಾಹ್ನ ಮೂರೂವರೆಗೆ, ಒಂದೇ ಒಂದು "ಹೂಂ" ಅಂದಿದ್ದಕ್ಕೆ.

ಎರಡನೇ ಶನಿವಾರ, ಬ್ಯಾಂಕಿಗೆ ರಜ. ನಿನ್ನೆ ಪಂಚಮಿ ಮುಗೀತು, ಬರೋ ಶುಕ್ರವಾರ ವರಮಹಾಲಕ್ಷ್ಮಿ, ಹಾಗಾಗಿ ಕೈಲೊಂದು ಚೀಲ ಹಿಡ್ಕೊಂಡು ಹೊರಟ್ರೆ ಮನೇಲಿ ಯಾರೂ ಎಲ್ಲಿಗೆ ಅಂತ ಕೇಳಲ್ಲ. ಗಾಂಧಿ ಬಜಾರಿಗೆ ಅಂತ ಅತ್ತೆ ಅಂದ್ಕೊಂಡ್ರು, ನಾನೂ ಅಲ್ಲ ಅನ್ನಲಿಲ್ಲ. ನ್ಯಾಷನಲ್ ಕಾಲೇಜಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ ಎಂಜಿ ರೋಡಲ್ಲಿ ಇಳಿದೆ. ಖಾಲಿ ಚೀಲದ ಸಮೇತ.

ಎಲೆಕ್ಟ್ರಿಕ್ ಗಿಟಾರ್ ತಗೋಬೇಕು ಅಂತ ಮೂರು ತಿಂಗಳಿಂದ ಓದ್ತಾನೇ ಇದ್ದೀನಿ. ಯಾವ ಗಿಟಾರು, ಯಾವ ಮರ, ಯಾವ ಪಿಕಪ್ಪು (ತಂತಿ ನಡುಕ ಹಿಡಿಯೋ ಭಾಗ), ಎಷ್ಟು ದಪ್ಪದ ತಂತಿ. ತಲೆ ಹೇಗಾಗಿದೆ ಅಂದ್ರೆ ಮೊನ್ನೆ ಕೌಂಟರಲ್ಲಿ ಒಬ್ಬರು ಅಕೌಂಟು ಸಿಂಗಲ್ಲಾ ಜಾಯಿಂಟಾ ಅಂತ ಏನೋ ಕೇಳಿದ್ರು, ನನಗೆ ಸಿಂಗಲ್ ಕಾಯಿಲಾ ಹಂಬಕರಾ ಅಂತ ಕೇಳಿಸ್ತು, ಪಿಕಪ್ಪಲ್ಲಿ ಅವೆರಡು ಜಾತಿ. ಓದಿದ್ದು ಅಷ್ಟಿದೆ, ಕೈಲಿ ಒಂದು ಸಲಾನೂ ಹಿಡಿದು ನೋಡಿಲ್ಲ. ಈಜು ಪುಸ್ತಕ ಓದ್ಕೊಂಡು ದಡದ ಮೇಲೆ ಕೂತಿರೋ ಹಾಗೆ.

ಒಳಗೆ ಹೋದ್ರೆ ಒಬ್ಬ ಹುಡುಗ, ಕೂದಲು ಭುಜದವರೆಗೆ, ಏನೋ ನುಡಿಸ್ತಿದ್ದ, ಬೆರಳು ಕಾಣಿಸ್ತಾನೇ ಇರಲಿಲ್ಲ, ಕಾದ ಎಣ್ಣೆಗೆ ಸಾಸಿವೆ ಬಿದ್ದಂಗೆ ಚಟಪಟ ಚಟಪಟ. ಕೌಂಟರಲ್ಲಿ ಇದ್ದೋರಿಗೆ ಐವತ್ತೈದು ಇರಬಹುದು, ಕನ್ನಡಕ ಕತ್ತಿಗೆ ನೇತು ಹಾಕ್ಕೊಂಡಿದ್ರು. ನನ್ನ ನೋಡಿದ್ರು, ಚೀಲ ನೋಡಿದ್ರು, "ಮಗನಿಗಾ ಮೇಡಂ?" ಅಂದ್ರು.

ಅಲ್ಲ ಸರ್, ನನಗೇ. ಇಷ್ಟು ಹೇಳೋಕೆ ಏನು ಕಷ್ಟ? ದಿನಾ ಎಂಟು ಗಂಟೆ ಜನಗಳ ಜೊತೆ ಮಾತಾಡೋದೇ ನನ್ನ ಕೆಲಸ, ಸಾಲ ಕೊಡಲ್ಲ ಅಂತ ಮುಖಕ್ಕೆ ಹೇಳ್ತೀನಿ. ಆ ಹುಡುಗ ಅದೇ ಹೊತ್ತಿಗೆ ನುಡಿಸೋದು ನಿಲ್ಲಿಸಿ ತಿರುಗಿ ನೋಡಿದ. ಬಾಯಿಂದ "ಹೂಂ" ಬಂತು.

"ವಯಸ್ಸೆಷ್ಟು?"

"ಹದಿನಾಲ್ಕು." ಮಗಳು ಪುಟ್ಟಿ ವಯಸ್ಸು ಹೇಳಿಬಿಟ್ಟೆ.

"ಅಕೌಸ್ಟಿಕ್, ಅಂದ್ರೆ ಕರೆಂಟಿಲ್ಲದ ಗಿಟಾರ್, ಏನಾದ್ರೂ ಕಲಿತಿದ್ದಾನಾ?"

"ಇಲ್ಲ. ಸ್ವಲ್ಪ ವೀಣೆ ಗೊತ್ತು."

ಅವರು ಹುಬ್ಬು ಎತ್ತಿದ್ರು. ವೀಣೆ ನುಡಿಸೋ 14 ವರ್ಷದ ಹುಡುಗ, ಪಾಪ ಎಷ್ಟು ಒಳ್ಳೆ ಹುಡುಗ ಅಂದ್ಕೊಂಡಿರ್ತಾರೆ.

ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಅವರು ನನ್ನ ಮಗನ ಬಗ್ಗೆ ನನಗಿಂತ ಜಾಸ್ತಿ ಯೋಚನೆ ಮಾಡಿದ್ರು. ಮೊದಲು ಅಕೌಸ್ಟಿಕ್ ಕಲಿತು ಆಮೇಲೆ ಎಲೆಕ್ಟ್ರಿಕ್ ಅಂತ ಎಲ್ಲರೂ ಹೇಳ್ತಾರಲ್ಲ ಸರ್ ಅಂದೆ. ಅದು ಸೈಕಲ್ ಕಲಿಯೋಕೆ ಮುಂಚೆ ಎತ್ತಿನ ಗಾಡಿ ಓಡಿಸು ಅಂದಂಗೆ ಮೇಡಂ ಅಂದ್ರು. ಎಲೆಕ್ಟ್ರಿಕ್ಕಿನ ತಂತಿ ತೆಳ್ಳಗೆ, ಮೊದಲನೇ ತಂತಿ 9 ಅಂದ್ರೆ ಒಂದು ಇಂಚಿನ ಸಾವಿರದಲ್ಲಿ ಒಂಬತ್ತು ಭಾಗ, ಅಕೌಸ್ಟಿಕ್ಕಲ್ಲಿ ಸಾಮಾನ್ಯ 11, 12 ಹಾಕ್ತಾರೆ, ಬೆರಳು ಬೇಗ ಸೋಲುತ್ತೆ, ಹುಡುಗರು ಎರಡು ತಿಂಗಳಿಗೆ ಮಂಚದ ಕೆಳಗೆ ತಳ್ತಾರೆ. ಏನು ನುಡಿಸಬೇಕು ಅಂತ ಆಸೆ ಇದೆಯೋ ಅದನ್ನೇ ತಗೊಳ್ಳಲಿ ಅಂತ. ಇದನ್ನ ನಾನು ಆಗಲೇ ಹತ್ತು ಕಡೆ ಓದಿದ್ದೆ. ಆದ್ರೆ ಒಬ್ಬರು ಬಾಯಿಬಿಟ್ಟು ಹೇಳಿದಾಗ ಭುಜದಿಂದ ಏನೋ ಇಳಿದಂಗಾಯ್ತು.

ಭುಜ ಅಂದ್ರೆ ನೆನಪಾಯ್ತು. ಮೊದಲು ಅವರು ಕೊಟ್ಟಿದ್ದು ಲೆಸ್ ಪಾಲ್ ಅನ್ನೋ ಮಾಡೆಲ್ ಥರದ್ದು, ಎಪಿಫೋನ್ ಕಂಪನಿದು. ನೋಡೋಕೆ ಎಷ್ಟು ಚೆನ್ನಾಗಿದೆ ಅಂದ್ರೆ ಜೇನುತುಪ್ಪದ ಬಣ್ಣ, ಒಳಗಿಂದ ಮರದ ಗೆರೆ ಕಾಣ್ತಿದೆ. ಸ್ಕೇಲ್ ಲೆಂಗ್ತ್ (ತಂತಿ ನಡುಗೋ ಉದ್ದ) 24.75 ಇಂಚು, ಫೆಂಡರ್ ಕಂಪನಿ ಸ್ಟ್ರಾಟ್‌ದು 25.5, ಅಂದ್ರೆ ಇದರಲ್ಲಿ ಕುತ್ತಿಗೆ ಮೇಲಿನ ಮೆಟ್ಟಿಲು (ಫ್ರೆಟ್ಟು) ಒಂಚೂರು ಹತ್ತಿರ ಇರುತ್ತೆ, ತಂತಿ ಬಿಗಿಯೂ ಒಂಚೂರು ಕಮ್ಮಿ, ನನ್ನ ಗಿಡ್ಡ ಬೆರಳಿಗೆ ಇದೇ ಸರಿ ಅಂತ ಮನೇಲಿ ಕೂತು ತೀರ್ಮಾನ ಮಾಡಿದ್ದೆ. ಸ್ಟ್ರಾಪ್ ಹಾಕಿ ಭುಜಕ್ಕೆ ಏರಿಸಿದ್ರು. ಎಡ ಭುಜ. ಹೋದ ವರ್ಷ ಆರು ತಿಂಗಳು ಫಿಸಿಯೋಥೆರಪಿಗೆ ಅಲೆದ ಅದೇ ಭುಜ. ನಾಲ್ಕು ಕೆಜಿ ಹತ್ರ ಇತ್ತೇನೋ, ಎರಡು ನಿಮಿಷಕ್ಕೆ ಒಳಗೆ ಸಣ್ಣಗೆ ಚುಳುಕ್ ಅಂತು. ಓದಿದ್ದರಲ್ಲಿ ಯಾರೂ ಬರೆದಿರಲಿಲ್ಲ ಇದನ್ನ, ಬರೆಯೋರಿಗೆಲ್ಲ ಇಪ್ಪತ್ತು ವರ್ಷ ಅನ್ಸುತ್ತೆ.

"ಅವನಿಗೆ ಸ್ವಲ್ಪ ಭುಜ ನೋವು ಸರ್" ಅಂದೆ.

"ಯಾರಿಗೆ?"

"ಮಗನಿಗೆ."

ಸುಮ್ಮನೆ ಅದನ್ನ ಇಳಿಸಿಕೊಂಡ್ರು. ಆಮೇಲೆ ಒಂದು ಯಮಹಾ ಪೆಸಿಫಿಕಾ, ಒಂದು ಸ್ಕ್ವಯರ್ ಸ್ಟ್ರಾಟ್ (ಸ್ಕ್ವಯರ್ ಅಂದ್ರೆ ಫೆಂಡರ್ ಕಂಪನಿದೇ ಅಗ್ಗದ ಬ್ರಾಂಡು) ತಂದು ಸ್ಟ್ಯಾಂಡಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದ್ರು, ಹೆಣ್ಣು ನೋಡೋ ಶಾಸ್ತ್ರ ನಡೀತಿದ್ಯೇನೋ ಅನ್ನೋ ಹಾಗೆ. ಸ್ಕ್ವಯರ್ ಹಸಿರು ಬಣ್ಣದ್ದು. ಪಾಚಿ ಹಸಿರೂ ಅಲ್ಲ ಗಿಣಿ ಹಸಿರೂ ಅಲ್ಲ, ಶಿವಮೊಗ್ಗದಲ್ಲಿ ನಮ್ಮಮ್ಮನ ರೂಮಲ್ಲಿ ಇತ್ತಲ್ಲ ಗೋದ್ರೆಜ್ ಬೀರು, ಅದಕ್ಕೆ ಒಂದಿಷ್ಟು ಹಾಲು ಬೆರೆಸಿದ ಹಾಗೆ. ಸರ್ಫ್ ಗ್ರೀನ್ ಅಂತೆ. ಹಿಂದೆ ಫೆಂಡರ್‌ನೋರು ಕಾರಿಗೆ ಹೊಡೆಯೋ ಪೇಂಟನ್ನೇ ಗಿಟಾರಿಗೂ ಹೊಡೀತಿದ್ರು ಮೇಡಂ ಅಂದ್ರು. ನನ್ನ ಕಣ್ಣು ಅಲ್ಲೇ ಬಿತ್ತು. ಏಳಲೇ ಇಲ್ಲ.

ತಲೆ ಮಾತ್ರ ಪೆಸಿಫಿಕಾ ಅನ್ನುತ್ತೆ. ಅದರಲ್ಲಿ ಕೆಳಗಡೆ ಹಂಬಕರು, ಮೇಲೆ ಎರಡು ಸಿಂಗಲ್ ಕಾಯಿಲು, ಎಲ್ಲಾ ಥರದ ಸೌಂಡೂ ಸಿಗುತ್ತೆ, ಏನು ಇಷ್ಟ ಆಗುತ್ತೆ ಅಂತಾನೇ ಗೊತ್ತಿಲ್ಲದ ನನ್ನಂಥೋರಿಗೆ ಇದಕ್ಕಿಂತ ಏನು ಬೇಕು. ಹಸಿರಿಗೆ ಮೂರೂ ಸಿಂಗಲ್ ಕಾಯಿಲೇ. ಆಂಪ್ (ಸದ್ದು ದೊಡ್ಡದು ಮಾಡೋ ಡಬ್ಬ) ಆನ್ ಮಾಡಿದ್ದೇ ಜುಯ್ಯ್ ಅಂತ ಶುರುವಾಯ್ತು, ನಮ್ಮನೆ ಹಳೇ ಟ್ಯೂಬ್‌ಲೈಟ್ ಚೋಕ್ ಥರ. ನಾನು ಹೆದರಿ ತಂತಿ ಮೇಲೆ ಕೈ ಇಟ್ಟೆ, ನಿಂತೇ ಹೋಯ್ತು. ಕೆಡಿಸಿಬಿಟ್ನಾ ಅಂತ ಕೈ ತೆಗೆದೆ, ಮತ್ತೆ ಜುಯ್ಯ್. ಅವರು ನಕ್ಕರು. ತಂತಿಗಳಿಗೆ ಒಳಗೆ ಅರ್ಥಿಂಗ್ ಕೊಟ್ಟಿರ್ತಾರೆ, ನೀವು ಮುಟ್ಟಿದ್ರೆ ನೀವೂ ಆ ಅರ್ಥಿಗೆ ಸೇರ್ಕೋತೀರ, ಅದಕ್ಕೇ ಕಮ್ಮಿ ಆಗುತ್ತೆ. ಪಿಕಪ್ ಅಂದ್ರೆ ಬೇರೇನಲ್ಲ, ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು, ಮೇಲೆ ಉಕ್ಕಿನ ತಂತಿ ನಡುಗಿದ್ರೆ ಒಳಗೆ ಕರೆಂಟು ಹುಟ್ಟುತ್ತೆ. ಆ ಸುತ್ತು ಗೋಡೆ ವೈರಿನ 50 ಹರ್ಟ್ಸನ್ನೂ ಹಿಡಿಯುತ್ತೆ, ರೇಡಿಯೋ ಏರಿಯಲ್ ಇದ್ದಂಗೆ. ಹಂಬಕರಲ್ಲಿ ಎರಡು ಸುತ್ತು, ಒಂದಕ್ಕೊಂದು ಉಲ್ಟಾ, ಗೂಂಯ್ ಅನ್ನೋದು ಒಂದನ್ನೊಂದು ತಿಂದು ಹಾಕುತ್ತೆ. ಅತ್ತೆ ಸೊಸೆ ಥರ ಅಂದ್ರು. ಅವರ ಮನೇಲಿ ಏನೋ ಗೊತ್ತಿಲ್ಲ, ನಮ್ಮನೇಲಿ ಎರಡು ಕಾಯಿಲೂ ಒಂದೇ ದಿಕ್ಕಿಗೆ ಸುತ್ತಿದೆ, ಸೌಂಡು ಡಬಲ್ಲೇ ಆಗೋದು.

"ಇನ್ನೊಂದು, ಮೀನುಗಾರಿಕೆ ಯಂತ್ರದ ಥರ ಬ್ರಿಡ್ಜ್, ಅಂದ್ರೆ ತಂತಿ ಕೂರೋ ಭಾಗ, ಇರೋದು ಬರುತ್ತೆ, ಫ್ಲಾಯ್ಡ್ ರೋಸ್, ಹುಡುಗರು ಅದೇ ಬೇಕು ಅಂತ ಹಠ ಮಾಡ್ತಾರೆ, ಕೊಡಿಸಬೇಡಿ. ಒಂದು ತಂತಿ ಕಿತ್ರೆ ಉಳಿದ ಐದೂ ಶ್ರುತಿ ತಪ್ಪುತ್ತೆ, ಶ್ರುತಿ ಮಾಡೋದ್ರಲ್ಲೇ ಸಂಜೆ ಮುಗಿಯುತ್ತೆ."

"ಅವನು ಹಠ ಮಾಡೋನಲ್ಲ ಸರ್." ನಿಜವಾಗ್ಲೂ ಹೀಗಂದೆ. ಹೆಮ್ಮೆಯಿಂದ.

ಆಮೇಲೆ ಬಂತು ನೋಡಿ. "ಅವನ ಕೈ ಎಷ್ಟಿದೆ?" "ನನ್ನಷ್ಟೇ." "ಹಾಗಾದ್ರೆ ನೀವೇ ಒಂದು ಸಲ ಕೂತು ನುಡಿಸಿ ನೋಡಿ ಮೇಡಂ, ಕುತ್ತಿಗೆ ಹೇಗಿದೆ ಗೊತ್ತಾಗುತ್ತೆ."

ನುಡಿಸಿ ಅಂದ್ರೆ ಏನು ನುಡಿಸಲಿ. ಹತ್ತೊಂಬತ್ತು ತುಂಬಿದ ಮೇಲೆ ಯಾವ ತಂತಿ ವಾದ್ಯಾನೂ ಮುಟ್ಟಿಲ್ಲ. ಕಾರ್ಡ್ (ಒಟ್ಟಿಗೆ ಹಲವು ಸ್ವರ ಮೀಟೋದು) ಒಂದೂ ಬರಲ್ಲ. ಈ ಹುಡುಗ ಬೇರೆ ಅಲ್ಲೇ ಗೋಡೆಗೆ ಒರಗಿಕೊಂಡು ನೋಡ್ತಿದ್ದಾನೆ. ಸ್ಟ್ರಾಟ್ ಮಾಡಿದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ, ರೇಡಿಯೋ ರಿಪೇರಿ ಮಾಡ್ಕೊಂಡಿದ್ದ ಮನುಷ್ಯ, 1954ರಲ್ಲಿ ಇದನ್ನ ಮಾರ್ಕೆಟ್ಟಿಗೆ ಬಿಟ್ರು, ಅಂತ ಎಲ್ಲೋ ಓದಿದ್ದನ್ನ ಮನಸ್ಸಲ್ಲೇ ಜಪ ಮಾಡ್ತಾ ಕೂತೆ. ಹೊಟ್ಟೆಗೆ ತಾಗೋ ಕಡೆ ಮರ ಕೆತ್ತಿ ತೆಗೆದಿದ್ದಾರೆ, ಮೊಣಕೈ ಇಡೋ ಕಡೆ ಇಳಿಜಾರು. ಎರಡು ಹೆರಿಗೆ ಸಿಸೇರಿಯನ್ ಆದ ಹೊಟ್ಟೆಗೂ ಜಾಗ ಬಿಟ್ಟಿದ್ದಾನೆ ಪುಣ್ಯಾತ್ಮ. (ಒಂದೇ ಹೆರಿಗೆ. ನೋಡಿ, ಮಗ ಬರೆಯೋವಾಗಲೂ ನುಸುಳಿಕೊಂಡು ಬರ್ತಿದ್ದಾನೆ.)

ಸರಳೆ ವರಸೆ ನುಡಿಸಿದೆ.

ಒಂದೇ ತಂತಿ ಮೇಲೆ, ಮಾಯಾಮಾಳವಗೌಳ ರಾಗ. ಖಾಲಿ ತಂತಿ ಷಡ್ಜ, ಒಂದನೇ ಮೆಟ್ಟಿಲು ರಿಷಭ, ನಾಲ್ಕು ಗಾಂಧಾರ, ಐದು, ಏಳು, ಎಂಟು, ಹನ್ನೊಂದು, ಹನ್ನೆರಡಕ್ಕೆ ಮೇಲಿನ ಷಡ್ಜ. ಲೆಕ್ಕ ಹಾಕಿದ್ದಲ್ಲ, ವೀಣೆಯಲ್ಲೂ ಹೀಗೇ ಅಲ್ವಾ ಹನ್ನೆರಡನೇ ಮೆಟ್ಟಿಲಿಗೆ ಮೇಲಿನ ಸ, ಕೈಗೆ ಗೊತ್ತಿತ್ತು. ಎಡಗೈ ಎರಡೇ ಬೆರಳು ಓಡಾಡ್ತಿತ್ತು, ವೀಣೆ ಅಭ್ಯಾಸ, ಗಿಟಾರಿಗೆ ನಾಲ್ಕೂ ಬೇಕು, ನನ್ನ ಕಿರುಬೆರಳು ಕೆಲಸಕ್ಕೆ ಸೇರಿದ ಮೊದಲ ದಿನದ ಪ್ರೊಬೇಷನರಿ ಥರ ಪಕ್ಕದಲ್ಲಿ ನಿಂತು ನೋಡ್ತಿತ್ತು. ಧೈವತದಲ್ಲಿ ಸುಮ್ಮನಿರಲಾರದೆ ತಂತಿ ಎಳೆದು ಒಂದು ಗಮಕ ಕೊಡೋಕೆ ಹೋದೆ, ಮೊದಲನೇ ತಂತಿ, ಜಾರಿ ಕುತ್ತಿಗೆ ಅಂಚಿಂದಾನೇ ಆಚೆ ಬಿತ್ತು. ಠಂಯ್.

ಹುಡುಗ ಹತ್ರ ಬಂದ. "ಆಂಟಿ ಅದು ಡಬಲ್ ಹಾರ್ಮೋನಿಕ್ ಅಲ್ವಾ? ಸೂಪರ್ ಸ್ಕೇಲು." ಮಾಯಾಮಾಳವಗೌಳಕ್ಕೆ ಅವರ ಕಡೆ ಹೆಸರು ಅದು. ಅಪ್ಪಾ, ಅದು ಎಲ್ಲಕ್ಕಿಂತ ಮೊದಲು ಮಕ್ಕಳಿಗೆ ಹೇಳಿಕೊಡೋ ಪಾಠ ಕಣೋ. ಅವನು ಅದನ್ನೇ ಅವನ ಗಿಟಾರಲ್ಲಿ ನುಡಿಸಿದ, ಡಿಸ್ಟಾರ್ಷನ್ (ಸದ್ದು ಗರಗರ ಒಡೆಯೋ ಹಾಗೆ) ಹಾಕ್ಕೊಂಡು, ಮೂರನೇ ಕಾಲದಲ್ಲಿ. ಸ ರಿ ಗ ಮ ಪ ದ ನಿ ಸ. ಸಿಡಿಲು ಹೊಡೆದಂಗೆ. ನಮ್ಮ ವೀಣೆ ಮೇಷ್ಟ್ರು ಕೇಳಿದ್ರೆ ಎದ್ದು ಹೋಗ್ತಿದ್ರೋ, ಕಣ್ಣು ಮುಚ್ಚಿ ಕೂರ್ತಿದ್ರೋ.

ವೀಣೆ ಈಗ ಚಿಕ್ಕಮ್ಮನ ಮನೇಲಿದೆ. ಬೇಸಿಗೇಲಿ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದು, ಮತ್ತೆ ಮೇಳ ಕಟ್ಟಿಸಲೇ ಇಲ್ಲ, 24 ಮೆಟ್ಟಿಲಲ್ಲಿ ಎಷ್ಟು ನೆಟ್ಟಗಿದೆಯೋ. ನಾನು ಬಿಟ್ಟಿದ್ದಕ್ಕೆ ಅಮ್ಮ ಕೊನೇವರೆಗೂ ಕಾರಣ ಕೇಳ್ತಿದ್ರು, ಓದು ಅಂತಿದ್ದೆ. ಓದು ಅಲ್ಲ. ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾದೋನು ಬಿಳೀ ಗಿಟಾರ್ ಹಾಕ್ಕೊಂಡು ನಿಂತಿದ್ದ, ಒಂದು ಕಾಲು ಡಬ್ಬದ ಮೇಲೆ. ನಾನು ಅಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ನನಗೂ ನಿಂತು ನುಡಿಸಬೇಕಿತ್ತು, ಅಷ್ಟೇ. ಇದನ್ನ ಹೇಳಿದ್ರೆ ನಗ್ತಿದ್ರು ಅಂತ ಹೇಳಲಿಲ್ಲ. ನಗ್ತಿರಲಿಲ್ಲವೇನೋ.

ಇರಲಿ.

ಲೆಕ್ಕಕ್ಕೆ ಬರ್ತೀನಿ. ಒಟ್ಟು 30 ಸಾವಿರ ಇಟ್ಟಿದ್ದೀನಿ, ಆರ್‌ಡಿ ಮುರಿದಿದ್ದು. ಪೂರ್ತಿ ಗಿಟಾರಿಗೇ ಸುರಿಯಬೇಡಿ ಅಂದ್ರು ಅವರು. ಹತ್ತು ವ್ಯಾಟಿನ ಚಿಕ್ಕ ಆಂಪ್ ಮನೆಗೆ ಬೇಕಾದಷ್ಟು, ಹೆಡ್‌ಫೋನ್ ತೂತು ಇರೋದು ನೋಡಿ ತಗೊಳ್ಳಿ, ಕೇಬಲ್ಲು, ಸ್ಟ್ರಾಪು, ಟ್ಯೂನರು, ಒಂದು ಜೊತೆ ಎಕ್ಸ್‌ಟ್ರಾ ತಂತಿ. ಮುಖ್ಯ ಸೆಟಪ್, ತಂತಿ ಎತ್ತರ ಇಳಿಸಿ, ಕುತ್ತಿಗೆ ಒಳಗಿನ ಸರಳು ತಿರುಗಿಸಿ ಬಾಗು ಸರಿ ಮಾಡಿ ಕೊಡ್ತೀವಿ, ಮಳೆಗಾಲಕ್ಕೂ ಬೇಸಿಗೆಗೂ ಮರ ಒಂಚೂರು ಆಡುತ್ತೆ, ಆಗಾಗ ತಂದು ತೋರಿಸಿ. ಪಕ್ಕದ ಮನೆ ಹುಡುಗ ಆನ್‌ಲೈನಲ್ಲಿ ತರಿಸಿದ್ದಕ್ಕೆ ಇದ್ಯಾವುದೂ ಇರಲಿಲ್ಲ, ತಂತಿ ಅಷ್ಟೆತ್ತರ, ಬಟ್ಟೆ ಒಣಹಾಕಬಹುದಿತ್ತು. ಆಂಪ್ ಹಾಕದೆ ನುಡಿಸಿದ್ರೆ ಎಲೆಕ್ಟ್ರಿಕ್ ಪಕ್ಕದ ರೂಮಿಗೂ ಕೇಳಲ್ಲ ಅನ್ನೋದು ಮಾತ್ರ ಇವತ್ತು ಕಿವಿಯಾರೆ ಖಾತ್ರಿಯಾಯ್ತು. ಅತ್ತೆ ಮಲಗೋದು ಒಂಬತ್ತೂವರೆಗೆ.

ಹೊರಡೋವಾಗ ಅಂಗಡಿ ವಿಸಿಟಿಂಗ್ ಕಾರ್ಡ್ ತೆಗೆದು ಹಿಂದೆ ಬರೆಯೋಕೆ ಶುರು ಮಾಡಿದ್ರು. "ಯಾವುದು ಎತ್ತಿಡಲಿ ಮೇಡಂ? ಮಂಗಳವಾರದವರೆಗೆ ಇಟ್ಟಿರ್ತೀನಿ."

ಪೆಸಿಫಿಕಾ ಅಂತ ಹೇಳೋಕೇ ಬಾಯಿ ತೆಗೆದೆ. "ಹಸಿರು" ಅಂದೆ.

"ಹೆಸರು?"

ಇಲ್ಲಿ ಒಂದು ಗಂಡು ಹೆಸರು ಬೇಕಿತ್ತು. ಒಂದು ಕ್ಷಣ ಏನೂ ಹೊಳೆಯಲಿಲ್ಲ, ನನ್ನ ಹೆಸರನ್ನೇ ಹೇಳಿಬಿಟ್ಟೆ. ಅದು ಹುಡುಗರಿಗೆ ಇಡೋ ಹೆಸರಲ್ಲ. ಅವರು ತಲೆ ಎತ್ತಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು ನಿಧಾನಕ್ಕೆ ಬರೆದ್ರು. "ಮೊದಲ ಎರಡು ವಾರ ಬೆರಳ ತುದಿ ಉರಿಯುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಹೇಳಿ ಅವನಿಗೆ" ಅಂದ್ರು.

ಮನೆಗೆ ಬಂದು ಪುಟ್ಟಿಗೆ ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಕ್ಕಳು. "ಹದಿನಾಲ್ಕಾ? ಹಾಗಾದ್ರೆ ನಾವಿಬ್ರೂ ಟ್ವಿನ್ಸು. ಅವನೂ ನನ್ನ ರೂಮಲ್ಲೇ ಮಲಗ್ತಾನಾ?" ಇವ್ರು ಹಾಲಿಂದ ಏನದು ಅಂದ್ರು, ಏನಿಲ್ಲ ಅಂದ್ವಿ. ಅತ್ತೆ ಚೀಲ ತೆಗೆದು ನೋಡಿ ಬಾಳೆಎಲೆ ಎಲ್ಲಿ ಅಂತ ಕೇಳಿದ್ರು, ರೇಟು ಜಾಸ್ತಿ ಇತ್ತು, ಬುಧವಾರ ತರ್ತೀನಿ ಅಂದೆ. ಅದು ಸುಳ್ಳಲ್ಲ, ಹಬ್ಬದ ವಾರ ಜಾಸ್ತಿ ಇದ್ದೇ ಇರುತ್ತೆ.

ಈಗ ಎಲ್ಲರೂ ಮಲಗಿದ್ದಾರೆ, ನಾನು ಹಾಲಲ್ಲಿ ಕೂತು ಇದನ್ನ ಟೈಪ್ ಮಾಡ್ತಾ ಪ್ಲಗ್ ಪಾಯಿಂಟ್ ಎಣಿಸ್ತಿದ್ದೀನಿ. ಟಿವಿ ಪಕ್ಕದ್ದು ಲೂಸು. ಫ್ರಿಜ್ ಪಕ್ಕದಲ್ಲಿ ಇಟ್ರೆ ಆ ಜುಯ್ಯ್ ಇನ್ನೂ ಜಾಸ್ತಿ ಆಗುತ್ತೇನೋ. ಸರಿಯಾಗಿ ಅರ್ಥ್ ಇರೋದು ಅಂದ್ರೆ ಮೂಲೆಯಲ್ಲಿರೋ ಒಂದೇ ಒಂದು, ಶುಕ್ರವಾರ ಲಕ್ಷ್ಮಿ ಕೂರಿಸೋದೂ ಅದೇ ಮೂಲೆಯಲ್ಲಿ, ಸೀರಿಯಲ್ ಲೈಟಿಗೆ ಅದೇ ಬೇಕು, ಮಂಗಳವಾರ ತಂದ್ರೆ ಮೂರು ದಿನ ಎಲ್ಲಿ