ಹಳೇ ಡೆಸ್ಕ್‌ಟಾಪಿಗೆ ಮತ್ತೆ ಜೀವ ಬಂತು

ಮನೇಲಿರೋ ಹಳೇ ಡೆಸ್ಕ್‌ಟಾಪ್ ಇವತ್ತು 20 ಸೆಕೆಂಡಲ್ಲಿ ಆನ್ ಆಯ್ತು, ಎಷ್ಟು ಖುಷಿ ಆಯ್ತು ಗೊತ್ತಾ! ತುಂಬಾ ಸ್ಲೋ ಆಗಿತ್ತು, ಎಲ್ರೂ ಹೊಸದು ತಗೊಂಬಿಡು ಅಂದ್ರು, ನಂಗ್ಯಾಕೋ ಮನಸ್ಸು ಬರ್ಲಿಲ್ಲ.

ಮೊದ್ಲು ಟಾಸ್ಕ್ ಮ್ಯಾನೇಜರ್ ತೆಗ್ದು ನೋಡಿದ್ರೆ ಡಿಸ್ಕ್ 100% ಅಂತ ತೋರಿಸ್ತಿದೆ, ಪ್ರೊಸೆಸರ್ 10% ಕೂಡ ಕೆಲ್ಸ ಮಾಡ್ತಿಲ್ಲ, ಅಂದ್ರೆ ತಲೆ ಚೆನ್ನಾಗೇ ಇದೆ, ಕಾಲು ಸೋತಿದೆ ಅಷ್ಟೆ. ಸ್ಟಾರ್ಟಪ್ಪಲ್ಲಿ ತಾವಾಗೇ ಎದ್ದು ಕೂರೋ ಆಪ್‌ಗಳನ್ನ ಡಿಸೇಬಲ್ ಮಾಡ್ದೆ, ಸ್ವಲ್ಪ ಹಗುರ ಆಯ್ತು. ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಹಾರ್ಡ್ ಡಿಸ್ಕ್ ಬದ್ಲು ಚಿಪ್ಪಲ್ಲೇ ಫೈಲ್ ಇಡೋ ಎಸ್‌ಎಸ್‌ಡಿ ಹಾಕಿದ್ಮೇಲೆ. ಹಳೇ ಹಾರ್ಡ್ ಡಿಸ್ಕಲ್ಲಿ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗ್ತಾ ಇರುತ್ತೆ, ಅದರ ಮೇಲೆ ಪುಟ್ಟ ಹೆಡ್ಡು ಆಚೆ ಈಚೆ ಓಡಾಡಿ ಒಂದೊಂದು ಫೈಲ್ ಹುಡುಕ್ಬೇಕು, ಎಸ್‌ಎಸ್‌ಡೀಲಿ ತಿರುಗೋದು ಅನ್ನೋದೇ ಇಲ್ಲ. ರ‍್ಯಾಮ್ 4 ಜಿಬಿ ಇದ್ದಿದ್ದನ್ನ 8 ಮಾಡ್ದೆ (ಇದ್ರಲ್ಲಿ ಡಿಡಿಆರ್3, ಡಿಡಿಆರ್4 ಅಂತ ಬೇರೆ ಬೇರೆ ತಲೆಮಾರು ಇವೆ, ಡಿಡಿಆರ್3 ಬೋರ್ಡಿಗೆ ಡಿಡಿಆರ್4 ಕೂರಲ್ಲ, ತರೋಕ್ ಮುಂಚೆ ನೋಡ್ಕೊಳ್ಳಿ). ಮತ್ತೆ ಏನಕ್ಕೂ ಕೈ ಹಾಕೋಕ್ ಮುಂಚೆ ಫೋಟೋ, ಫೈಲು ಎಲ್ಲಾ ಬ್ಯಾಕಪ್ ತಗೊಳ್ಳಿ, ಅದು ಮಾತ್ರ ಮರೀಬೇಡಿ.

ಪ್ರೊಸೆಸರ್ ಫ್ಯಾನಲ್ಲಿ ಧೂಳು ಕಂಬಳಿ ಥರ ಕೂತಿತ್ತು. ಬಿಸಿ ಹೆಚ್ಚಾದ್ರೆ ಪ್ರೊಸೆಸರ್ ತಾನಾಗೇ ಸ್ಪೀಡ್ ಇಳಿಸ್ಕೊಳ್ಳುತ್ತೆ. ಮೆತ್ತಗೆ ಬ್ರಶ್ಶಲ್ಲಿ ತೆಗೀತಾ ಅನ್ನಿಸ್ತು, ಇಷ್ಟು ವರ್ಷ ಸ್ಲೋ ಸ್ಲೋ ಅಂತ ಬೈದಿದ್ದೀನೇ ಹೊರತು ಒಂದ್ಸಲ ಬಿಚ್ಚಿ ಏನಾಗಿದೆ ಅಂತ ಕೇಳಿರ್ಲಿಲ್ಲ.

ಅಪ್ಪ ಈಗ ಅದರ ಮುಂದೆ ಕೂತು ಹಳೇ ಫೋಟೋಗಳನ್ನ ಒಂದೊಂದೇ ತೆಗೆದು ನೋಡ್ತಿದ್ದಾರೆ.