ಸ್ಟಾರ್ ಸ್ಕ್ರೂ ಬೇಡವಂತೆ

ಇವತ್ತು ತುಮಕೂರಿನ ಬಿಸಿಲಲ್ಲಿ ಗುಜರಿ ಅಂಗಡಿ ಸುತ್ತಿದ್ದು ಒಂದು ಸ್ಕ್ರೂಗಾಗಿ. ನಗಬೇಡಿ.

ಕಾಲೇಜಿನ ಎನ್‌ಸಿಸಿ ರೂಮಿನ ಹಳೇ ತ್ರೀ ನಾಟ್ ತ್ರೀ ರೈಫಲ್. ಡ್ರಿಲ್‌ಗೆ ಮಾತ್ರ, ಗುಂಡು ಹಾರಲ್ಲ. ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯದು. ಕಿರೀಟದ ಮುದ್ರೆ, ಕೆಳಗೆ 1942.

ಭುಜಕ್ಕೆ ಊರುವ ತುದಿಯಲ್ಲಿ ಹಿತ್ತಾಳೆ ಫಲಕ. ಅದರಲ್ಲೊಂದು ಪುಟ್ಟ ಬಾಗಿಲು. ತೆಗೆದರೆ ಮರದೊಳಗೆ ಎಣ್ಣೆ ಬಾಟಲಿ, ನಳಿಗೆ ಒರೆಸುವ ಹಗ್ಗ ಇಡೋ ಜಾಗ. ಸಿಪಾಯಿಯ ಸಾಮಾನೆಲ್ಲ ಬಂದೂಕಿನ ಹೊಟ್ಟೆಯಲ್ಲೇ! ಎಂಥ ತಲೆ ಅಲ್ವಾ?

ಯಾರೋ ಪುಣ್ಯಾತ್ಮ ಆ ಫಲಕಕ್ಕೆ ಫಳಫಳ ಹೊಳೆಯೋ ಸ್ಟಾರ್ ಸ್ಕ್ರೂ ಬಿಗಿದಿದ್ದ. ರಿಪೇರಿ ಮಾಡ್ತಿರೋ ನಮ್ಮ ರಿಟೈರ್ಡ್ ಸುಬೇದಾರ್ ಮಾವ ಉರಿದುಬಿದ್ದರು. "ಆಗ ಒಂದೇ ಗೀಟಿನ ಸ್ಕ್ರೂ ಕಣಪ್ಪಾ. ಅದನ್ನೇ ತಾ."

"ಯಾರು ನೋಡ್ತಾರೆ ಮಾವ?"

"ನಾನು ನೋಡ್ತೀನಲ್ಲ."

ಮರಕ್ಕೆ ವಾರ್ನಿಷ್ ಕೂಡ ಬೇಡ, ಅಗಸೆ ಎಣ್ಣೆಯನ್ನೇ ತಿಕ್ಕಬೇಕು. ಹಳೇದನ್ನ ಹೊಸದು ಮಾಡೋದು ಸುಲಭ. ಹಳೇದಾಗಿಯೇ ಉಳಿಸೋದಕ್ಕೆ ಕೆಲಸ ಜಾಸ್ತಿ ಅನ್ನಿಸಿತು.

ಸ್ಕ್ರೂ ಕೊನೆಗೂ ಸಿಕ್ಕಿತು, ಒಂದು ಮುರುಕು ಬಾಗಿಲಿನಲ್ಲಿ. ಈಗ ಎಣ್ಣೆ ಬಾಟಲಿ ಬೇಕಂತೆ. ಹಿತ್ತಾಳೆಯದೇ. ನಿಮ್ಮ ಅಟ್ಟದಲ್ಲಿದ್ದರೆ ಹೇಳ್ರಪ್ಪ.